ಮುಂಗಾಲಿನ ಹಿಂದಿನ ಅಂಗೈಯಗಲ ಜಾಗ

ಜರ್ಮನಿಯ ಎರ್ಲಾಂಗೆನ್‌ನಲ್ಲಿ ಬಾಡಿಗೆಗೆ ಮನೆ ಸಿಗದೆ ಅಲೆದು ಅಲೆದು, ಕೊನೆಗೆ ಅಪ್ಪ ಅಮ್ಮ ಒಪ್ಪಿಕೊಂಡದ್ದು ಬಸ್ಸಿನ ಕೊನೆಯ ಸ್ಟಾಪಿನಲ್ಲಿದ್ದ ಹಳ್ಳಿಯ ಕೊನೆಯ ಮನೆಯನ್ನು. ಮನೆಯ ಹಿಂದೆ ಚೆರ್ರಿ ಮರಗಳ ಇಳಿಜಾರು, ಅದು ಮುಗಿದರೆ ಹುಲ್ಲುಗಾವಲು, ಅದರಾಚೆ ಕಾಡು. ಮೇಲಂತಸ್ತು ನಮ್ಮದು, ಕೆಳಗಿನದು ಮನೆಯೊಡತಿ ಫ್ರಾವ್ ಲಿಂಡ್ನರ್ ಅವರದು. ನಮ್ಮ ಕೋಣೆಗಳ ಛಾವಣಿ ಎರಡೂ ಬದಿಗೆ ಇಳಿದು ಗೋಡೆಯನ್ನು ಅರ್ಧಕ್ಕೇ ನುಂಗಿಬಿಟ್ಟಿತ್ತು. ಅಪ್ಪ ಕೋಣೆಯ ನಡುವೆ ಮಾತ್ರ ನೆಟ್ಟಗೆ ನಿಲ್ಲುತ್ತಿದ್ದ, ಕಿಟಕಿಯ ಹತ್ತಿರ ಹೋಗಬೇಕೆಂದರೆ ದೇವರ ಮುಂದೆ ನಿಂತವನಂತೆ ಬಗ್ಗುತ್ತಿದ್ದ. ನಮ್ಮ ಒಗ್ಗರಣೆಯ ಘಾಟು ಮೆಟ್ಟಿಲಿಳಿದು ಕೆಳಗೆ ಹೋಗುತ್ತಿತ್ತು, ಅವರ ಸೌದೆ ಒಲೆಯ ಹೊಗೆಯೂ ಒದ್ದೆ ಉಣ್ಣೆಯ ವಾಸನೆಯೂ ಮೇಲೆ ಬರುತ್ತಿದ್ದವು. ನೆಲಮಾಳಿಗೆಯಲ್ಲಿ ನಮ್ಮ ಸೈಕಲ್ಲುಗಳನ್ನು ನಿಲ್ಲಿಸುವ ಜಾಗದ ಪಕ್ಕ ಒಂದು ತಣ್ಣನೆಯ ಕೋಣೆಯಿತ್ತು. ಫ್ರಾವ್ ಲಿಂಡ್ನರ್ ಬೇಟೆಗಾರರು. ಎಲೆ ಹಳದಿಯಾಗುವ ಹೊತ್ತಿಗೆ ಆ ಕೋಣೆಯ ಕೊಕ್ಕೆಯಲ್ಲಿ ಆಗಾಗ ಒಂದು ಜಿಂಕೆ ತೂಗುತ್ತಿರುತ್ತಿತ್ತು. ದೊಡ್ಡ ಕೊಂಬಿನದಲ್ಲ, ಇಲ್ಲಿಯವರು ರೇ ಎನ್ನುವ ಸಣ್ಣ ಜಾತಿಯದು. ನಾವು ಮೈಸೂರಿನ ಸಸ್ಯಾಹಾರಿಗಳು. ಮನೆ ಒಪ್ಪಿಕೊಳ್ಳುವ ಮುಂಚೆ ಅಮ್ಮ ನೆಲಮಾಳಿಗೆ ನೋಡಿರಲಿಲ್ಲ. ಸೈಕಲ್ ತರಲು ಹೋದಾಗಲೆಲ್ಲ ಆ ಬಾಗಿಲ ಮುಂದೆ ನಾನು ಕಣ್ಣು ಮುಚ್ಚಿಕೊಳ್ಳಬೇಕೆಂದು ಅವಳ ಅಪ್ಪಣೆಯಾಗಿತ್ತು.

ನನಗೆ ಒಂಬತ್ತು ತುಂಬಿದ ವರ್ಷ ಅಮ್ಮ ಕಾಯಿಲೆ ಬಿದ್ದಳು. ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. ಅಪ್ಪ ಕೆಲಸ ಮಾಡುತ್ತಿದ್ದ ಎಂಜಿನಿಯರಿಂಗ್ ಕಂಪನಿಯಿಂದ ನೇರವಾಗಿ ಆಸ್ಪತ್ರೆಗೆ ಹೋಗುತ್ತಿದ್ದ. ನಾನು ಶಾಲೆಯಿಂದ ಬಂದರೆ ಕೆಳಗೆ ಫ್ರಾವ್ ಲಿಂಡ್ನರ್ ಅವರ ಅಡುಗೆಮನೆಯಲ್ಲಿ ಕೂತಿರಬೇಕಿತ್ತು. ಮೊದಮೊದಲು ಭಾನುವಾರಗಳಲ್ಲಿ ನನ್ನನ್ನೂ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಅಪ್ಪ, ಆಮೇಲೆ ಅದನ್ನೂ ನಿಲ್ಲಿಸಿದ. ಅಮ್ಮ ನಿದ್ದೆ ಮಾಡ್ತಿರ್ತಾಳೆ ಪುಟ್ಟಿ, ಎಬ್ಬಿಸಬಾರದು, ಎನ್ನುತ್ತಿದ್ದ. ಒಂದು ದಿನ ಮೈಸೂರಿನಿಂದ ಅಜ್ಜಿ, ಅಮ್ಮನ ಅಮ್ಮ, ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಬಂದಿಳಿದಳು. ಅವಳು ಬಂದ ಮಾರನೆಯ ದಿನವೇ ಅಮ್ಮ ಹೋದಳು. ಚಿತಾಗಾರಕ್ಕೂ ನನ್ನನ್ನು ಕರೆದುಕೊಂಡು ಹೋಗಲಿಲ್ಲ. ಆ ಮಧ್ಯಾಹ್ನ ನಾನು ಫ್ರಾವ್ ಲಿಂಡ್ನರ್ ಅವರ ಮೇಜಿನ ಮುಂದೆ ಸೇಬಿನ ಸಿಪ್ಪೆ ತೆಗೆಯುತ್ತ ಕೂತಿದ್ದೆ. ಇಬ್ಬರೂ ಸೇರಿ ಒಂದು ಹೆಡಿಗೆ ಸೇಬು ಮುಗಿಸಿದೆವು. ಅಜ್ಜಿ ಸ್ವಲ್ಪ ದಿನ ಇದ್ದಳು. ಅಪ್ಪ ಅವಳ ಮುಖ ನೋಡಿ ಮಾತಾಡುತ್ತಿರಲಿಲ್ಲ. ಅವಳು ವಾಪಸು ಹೋದ ಮೇಲೆ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಅಪ್ಪ ಎತ್ತಿ, ಚೆನ್ನಾಗಿದೀವಿ ಅತ್ತೆ, ತಗೊಳ್ಳಿ ಪುಟ್ಟಿಗೆ ಕೊಡ್ತೀನಿ, ಎಂದು ಬಿಸಿ ಪಾತ್ರೆಯಂತೆ ರಿಸೀವರನ್ನು ನನ್ನ ಕೈಗೆ ದಾಟಿಸಿ ಪಾತ್ರೆ ತೊಳೆಯಲು ನಿಲ್ಲುತ್ತಿದ್ದ.

ಆಮೇಲೆ ಆ ಇಳಿಜಾರು ಛಾವಣಿಯ ಕೆಳಗೆ ನಾವಿಬ್ಬರೇ. ಅಪ್ಪ ಕೆಟ್ಟ ಅಡುಗೆಯವನಲ್ಲ. ಅನ್ನ, ತೊಗರಿಬೇಳೆಗೆ ಫ್ರೀಜರಿನ ಪಾಲಕ್ ಹಾಕಿ ಒಂದು ಹುಳಿ, ಮೊಸರು. ಅಂಗಡಿಯ ಮೊಸರು ಹುಳಿ ಸಾಲದೆಂದು ಅಮ್ಮ ಮನೆಯಲ್ಲೇ ಹೆಪ್ಪು ಹಾಕುತ್ತಿದ್ದಳು. ಅಪ್ಪನ ಕೈಗೆ ಅದು ಒಗ್ಗಲಿಲ್ಲ. ಊಟದ ಹೊತ್ತಿಗೆ ರೇಡಿಯೋ ಹಾಕುತ್ತಿದ್ದ. ಅದರಲ್ಲಿ ರಸ್ತೆಯ ಮೇಲಿನ ವಾಹನ ದಟ್ಟಣೆಯ ಸುದ್ದಿ ಬರುತ್ತಿತ್ತು. ನಾವು ಕಾರಿಲ್ಲದವರು, ಆದರೂ ಯಾವ ಹೆದ್ದಾರಿಯಲ್ಲಿ ಎಷ್ಟು ಉದ್ದ ವಾಹನ ನಿಂತಿದೆ ಎಂದು ಗಮನವಿಟ್ಟು ಕೇಳುತ್ತ ಉಣ್ಣುತ್ತಿದ್ದೆವು. ಊರಿನ ನಾಲ್ಕಾರು ಕನ್ನಡ ಮನೆಗಳವರು ಯುಗಾದಿಗೆ, ಗಣಪತಿ ಹಬ್ಬಕ್ಕೆ ಕರೆಯುತ್ತಿದ್ದರು. ಅಪ್ಪ ಹೋಗುವುದನ್ನು ಬಿಟ್ಟ. ಮನೆಯಲ್ಲಿ ಅಮ್ಮನ ಹೆಸರು ಎತ್ತಬಾರದೆಂದು ಯಾರೂ ಹೇಳಿರಲಿಲ್ಲ. ಆದರೆ ಒಂದು ಸಲ ನಾನು, ಅಪ್ಪ, ಅಮ್ಮಂಗೆ ಕೊನೇಲಿ ನೋವಾಯ್ತಾ, ಎಂದು ಕೇಳಿದಾಗ ಅವನು ತಟ್ಟೆಯನ್ನು ಹಾಗೇ ಬಿಟ್ಟು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದ. ನೀರು ಬಹಳ ಹೊತ್ತು ಸುರಿಯುತ್ತಲೇ ಇತ್ತು. ನಾನು ಮತ್ತೆ ಕೇಳಲಿಲ್ಲ.

ಹಾಗಾಗಿ ಕೆಳಗಿನ ಅಡುಗೆಮನೆಯೇ ನನಗೆ ಮನೆಯಾಯಿತು. ಫ್ರಾವ್ ಲಿಂಡ್ನರ್ ಎಪ್ಪತ್ತು ದಾಟಿದ್ದ ವಿಧವೆ, ಎತ್ತರದ ಆಳು, ಬಿಳಿ ಕೂದಲನ್ನು ತಾವೇ ಕತ್ತರಿಸಿಕೊಳ್ಳುತ್ತಿದ್ದರು. ಮಕ್ಕಳಿರಲಿಲ್ಲ. ನನ್ನನ್ನು ಹೆಸರು ಹಿಡಿದು ಕರೆಯದೆ ಮಾಡ್ಲಾ ಎನ್ನುತ್ತಿದ್ದರು; ಆ ಸೀಮೆಯ ಮಾತಿನಲ್ಲಿ ಅದು ನಮ್ಮ 'ಹುಡುಗಿ', 'ಕೂಸು' ಇದ್ದ ಹಾಗೆ. ನನಗೆ ಆಲೂಗಡ್ಡೆ ಕಡುಬು, ಸೇಬಿನ ಗೊಜ್ಜು ಹಾಕಿಕೊಡುತ್ತಿದ್ದರು. ಮಾಂಸದ ರಸದ ಹನಿಯೂ ತಾಗದಂತೆ ನನ್ನ ಪಾತ್ರೆಯನ್ನೇ ಬೇರೆ ಇಟ್ಟಿದ್ದರು. ನಿನ್ನ ಅಪ್ಪ ಬೇಡ ಅಂದಿದ್ದಾರೆ, ಅಷ್ಟೇ, ಎಂದು ಒಂದೇ ಸಲ ಹೇಳಿದ್ದರು. ಅವರು ಹೆಚ್ಚು ಮಾತಿನವರಲ್ಲ. ಆದರೆ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು. ಅಮ್ಮ ಹೋದ ಮೇಲಿನ ಮೊದಲ ಅಕ್ಟೋಬರಿನಲ್ಲಿ ನಾನು ಸೈಕಲ್ ಇಡಲು ನೆಲಮಾಳಿಗೆಗೆ ಹೋದಾಗ ಆ ತಣ್ಣನೆಯ ಕೋಣೆಯ ಬಾಗಿಲು ತೆರೆದಿತ್ತು. ಕಣ್ಣು ಮುಚ್ಚು ಎನ್ನುವವಳು ಇರಲಿಲ್ಲ. ನಾನು ನೋಡಿದೆ. ಫ್ರಾವ್ ಲಿಂಡ್ನರ್ ಕೊಕ್ಕೆಯಲ್ಲಿದ್ದ ಜಿಂಕೆಯ ಪಕ್ಕ ನಿಂತು ಕೈ ಒರೆಸಿಕೊಳ್ಳುತ್ತಿದ್ದರು.

"ಇದಕ್ಕೆ ನೋವಾಯ್ತಾ?" ಎಂದೆ.

"ಇದಕ್ಕೆ ಇಲ್ಲ."

"ನಿಮಗೆ ಹೇಗೆ ಗೊತ್ತು?"

ಅವರು ನನ್ನನ್ನು ಹತ್ತಿರ ಕರೆದು, ಜಿಂಕೆಯ ಮುಂಗಾಲನ್ನು ಸ್ವಲ್ಪ ಮುಂದಕ್ಕೆಳೆದು, ಅದರ ಹಿಂದಿದ್ದ ಒಂದು ಸಣ್ಣ ತೂತನ್ನು ತೋರಿಸಿದರು. ನನ್ನ ಕಿರುಬೆರಳಷ್ಟೇ ಇತ್ತು.

"ಇಲ್ಲಿ ಬಿದ್ದರೆ ಗೊತ್ತಾಗೋಕೆ ಸಮಯ ಇರಲ್ಲ. ಬೇರೆ ಕಡೆ ಬಿದ್ದರೆ ಇರುತ್ತೆ."

ಆ ಉತ್ತರ ನನಗೆ ಹಿಡಿಸಿತು ಎಂದರೆ ತಪ್ಪಾದೀತು; ಅದು ನನ್ನೊಳಗೆ ಕೂತುಕೊಂಡಿತು. ಮಾರನೆಯ ದಿನ ಅವರು ಮೇಜಿನ ಮೇಲೆ ಹಿಟ್ಟು ಹರವಿ ಬಿಸ್ಕತ್ತಿನ ಕಣಕ ಲಟ್ಟಿಸುತ್ತಿದ್ದಾಗ ಮತ್ತೆ ಕೇಳಿದೆ, ಬೇರೆ ಕಡೆ ಎಂದರೆ ಎಲ್ಲಿ. ಅವರು ಕಣಕವನ್ನು ಬದಿಗೆ ಸರಿಸಿ, ಉಳಿದ ಹಿಟ್ಟಿನ ಮೇಲೆ ಬೆರಳಿನಿಂದ ಒಂದು ಜಿಂಕೆಯನ್ನು ಬರೆದರು. ಬೆನ್ನಿನ ಗೆರೆ, ಹೊಟ್ಟೆ, ನಾಲ್ಕು ಕಾಲು, ಕತ್ತು. ಚಿತ್ರ ಏನೂ ಚೆನ್ನಾಗಿರಲಿಲ್ಲ, ಆಡಿನ ಹಾಗಿತ್ತು.

"ಎಲ್ಲಿಗೆ ಹೊಡೀತೀಯ, ಹೇಳು."

ನಾನು ತಲೆಯನ್ನು ತೋರಿಸಿದೆ. ಎಲ್ಲರೂ ಅದನ್ನೇ ಹೇಳೋದು, ಎಂದರು. ತಲೆ ಚಿಕ್ಕದು, ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಗುಂಡು ಬೆರಳಗಲ ತಪ್ಪಿದರೆ ದವಡೆ ಹಾರಿಹೋಗುತ್ತದೆ, ಪ್ರಾಣಿ ಓಡಿಹೋಗುತ್ತದೆ, ಆಮೇಲೆ ತಿನ್ನಲಾಗದೆ ದಿನಗಟ್ಟಲೆ ಬದುಕಿರುತ್ತದೆ. ನಾನು ಹೊಟ್ಟೆಯನ್ನು ತೋರಿಸಿದೆ, ದೊಡ್ಡದಾಗಿದೆಯಲ್ಲ ಎಂದು. ಅವರು ಅಲ್ಲವೆಂದು ತಲೆಯಾಡಿಸಿದರು. ಹೊಡೆಯುವುದಕ್ಕೆ ಎಲ್ಲಕ್ಕಿಂತ ಸುಲಭದ ಜಾಗ ಅದು, ಪ್ರಾಣಿಗೆ ಎಲ್ಲಕ್ಕಿಂತ ಕಷ್ಟದ್ದೂ ಅದೇ. ಆಮೇಲೆ ಹಿಟ್ಟು ಮೆತ್ತಿದ ಬೆರಳನ್ನು ಜಿಂಕೆಯ ಮುಂಗಾಲಿನ ಗೊರಸಿನ ಮೇಲಿಟ್ಟು, ಕಾಲಗುಂಟ ನಿಧಾನವಾಗಿ ಮೇಲಕ್ಕೆ ತಂದು, ಮೈ ಶುರುವಾಗುವಲ್ಲಿಂದ ಇನ್ನೊಂದು ಸ್ವಲ್ಪ ಮೇಲೇರಿ, ಕೂದಲೆಳೆಯಷ್ಟು ಹಿಂದಕ್ಕೆ ಸರಿದು ನಿಲ್ಲಿಸಿದರು. ನನ್ನ ಅಂಗೈಯನ್ನು ಹಿಡಿದು ಅಲ್ಲಿ ಅದುಮಿದರು. ಹಿಟ್ಟಿನಲ್ಲಿ ಅಂಗೈಯ ಗುರುತು ಮೂಡಿತು. ಇದರೊಳಗೆ ಗುಂಡಿಗೆ, ಶ್ವಾಸಕೋಶ ಎರಡೂ ಇವೆ, ಎಂದರು. ಈ ಜಾಗಕ್ಕೆ ಅವರು ಬ್ಲಾಟ್ ಎನ್ನುತ್ತಿದ್ದರು. ಜರ್ಮನ್‌ನಲ್ಲಿ ಎಲೆಗೂ ಅದೇ ಮಾತು. ಪ್ರಾಣಿ ಪೂರ್ತಿ ಅಡ್ಡಲಾಗಿ ನಿಂತಿರಬೇಕು. ಎದುರಾಗಿ ನೋಡುತ್ತಿದ್ದರೆ ಹೊಡೆಯಬಾರದು. ಬೆನ್ನು ಹಾಕಿ ಹೋಗುತ್ತಿದ್ದರೆ ಹೊಡೆಯಬಾರದು. ಹಿಂದೆ ಇನ್ನೊಂದು ಪ್ರಾಣಿ ನಿಂತಿದ್ದರೂ ಇಲ್ಲ, ಗುಂಡನ್ನು ತಡೆಯುವ ಮಣ್ಣಿನ ದಿಬ್ಬ ಇಲ್ಲದಿದ್ದರೂ ಇಲ್ಲ.

"ಇದೆಲ್ಲ ಸರಿ ಇದ್ದರೆ?"

"ಆಗಲೂ ಕೈ ನಡುಗಿದರೆ ಇಲ್ಲ. ಮನೆಗೆ ಬಂದು ಸೂಪು ಕುಡಿದು ಮಲಗೋದು."

ಅಂದಿನಿಂದ ನನಗೆ ಆ ಜಾಗ ಎಲ್ಲೆಲ್ಲೂ ಕಾಣತೊಡಗಿತು. ಹಾಲಿನವರ ಕೊಟ್ಟಿಗೆಯ ಹಸುಗಳಲ್ಲಿ, ಪಕ್ಕದ ಮನೆಯ ಕುದುರೆಯಲ್ಲಿ, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತವರ ತೋಳಿನ ಕೆಳಗೆ. ಸಂಜೆ ಊಟಕ್ಕೆ ಕೂತಾಗ ಎದುರಿಗೆ ಅಪ್ಪನ ಬೂದು ಸ್ವೆಟರು. ಅವನು ಹೆದ್ದಾರಿಯ ಸುದ್ದಿ ಕೇಳುತ್ತಿದ್ದರೆ ನಾನು ಅವನ ಪಕ್ಕೆಯನ್ನೇ ನೋಡುತ್ತ, ಒಳಗೆ ಅದು ಹೊಡೆದುಕೊಳ್ಳುತ್ತಿದೆಯೇ ಎಂದು ಹುಡುಕುತ್ತಿದ್ದೆ. ಅವನೂ ಇದ್ದಕ್ಕಿದ್ದ ಹಾಗೆ ನಿಂತುಬಿಟ್ಟರೆ ನಾನು ಯಾರಿಗೆ ಫೋನ್ ಮಾಡಬೇಕು ಎಂದು ಯೋಚಿಸುತ್ತಿದ್ದೆ. ಅಜ್ಜಿಗೆ ಮಾಡಿದರೆ ಅವಳು ಬರುವುದಕ್ಕೆ ವೀಸಾ ಬೇಕು ಎನ್ನುವುದು ನನಗೆ ಗೊತ್ತಿತ್ತು.

ಫ್ರಾವ್ ಲಿಂಡ್ನರ್ ನನ್ನನ್ನು ಅಟ್ಟಣೆಗೆ ಕರೆದುಕೊಂಡು ಹೋಗಲು ಶುರು ಮಾಡಿದ್ದೂ ಆ ಶರತ್ಕಾಲದಲ್ಲೇ. ಹುಲ್ಲುಗಾವಲಿನ ಅಂಚಿಗೆ ಏಣಿ ಹತ್ತಿ ಕೂರುವ ಮರದ ಗೂಡು ಅದು, ಹೋಖ್‌ಜಿಟ್ಸ್ ಎನ್ನುತ್ತಾರೆ. ಅಪ್ಪನಿಗೆ ಅವರು, ಮಗುವನ್ನು ಕಾಡಿನ ಕಡೆ ಕರೆದೊಯ್ಯಲೇ ಎಂದು ಕೇಳಿದ್ದರು. ಅಪ್ಪ ಹೂಂ ಎಂದಿದ್ದ, ಯಾಕೆ ಎಂದು ಕೇಳಿರಲಿಲ್ಲ. ಅಲ್ಲಿ ಕಂಬಳಿ ಹೊದ್ದು ಒಬ್ಬರ ಪಕ್ಕ ಒಬ್ಬರು ಮಾತಿಲ್ಲದೆ ಕೂರುವುದು. ಮೇಲೆ ನಮ್ಮ ಮನೆಯಲ್ಲೂ ಮಾತಿರಲಿಲ್ಲ, ಆದರೆ ಇಲ್ಲಿಯದು ಬೇರೆ ತರಹದ ಮೌನ. ಇಲ್ಲಿ ಇಬ್ಬರೂ ಒಂದೇ ಕಡೆ ನೋಡುತ್ತಿದ್ದೆವು. ಎಷ್ಟೋ ಸಂಜೆ ಜಿಂಕೆ ಬಂದು, ಮೇಯ್ದು, ಅಡ್ಡಲಾಗಿ ನಿಂತರೂ ಅವರು ಬಂದೂಕನ್ನು ಎತ್ತುತ್ತಲೇ ಇರಲಿಲ್ಲ. ಇಳಿದು ಬರುವಾಗ, ಹಿಂದೆ ಮರಿ ಇತ್ತು, ಎನ್ನುವರು. ಇಲ್ಲವೇ, ಅಂಥಾದ್ದೇನಿಲ್ಲ, ಇವತ್ತು ಬೇಡ ಅನ್ನಿಸಿತು, ಎನ್ನುವರು. ಕೊನೆಗೊಂದು ಮುಂಜಾನೆ, ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಬೆಳ್ಳಗಿದ್ದಾಗ, ಒಂದು ಎಳೆಯ ಗಂಡು ಕಾಡಿನಂಚಿನಿಂದ ಹೊರಬಂತು. ಅವರು ನನಗೆ ಕಿವಿ ಮುಚ್ಚಿಕೊಳ್ಳಲು ಸನ್ನೆ ಮಾಡಿದರು. ಅದು ಮುಂಗಾಲೊಂದನ್ನು ಮುಂದಿಟ್ಟು ನಿಲ್ಲುವವರೆಗೂ ಕಾದರು. ಸದ್ದಾಯಿತು. ಜಿಂಕೆ ಒಮ್ಮೆ ಮೇಲಕ್ಕೆ ಹಾರಿ, ಮೂರು ನೆಗೆತ ಓಡಿ, ನಾಲ್ಕನೆಯದಕ್ಕೆ ಕಾಲೇ ಇಲ್ಲದಂತೆ ಹುಲ್ಲಿನೊಳಗೆ ಕುಸಿಯಿತು. ನಾವು ಇಳಿದು ಹೋದಾಗ ಅದರ ಕಣ್ಣು ತೆರೆದೇ ಇತ್ತು, ಬಾಯಲ್ಲಿ ಅಗಿಯುತ್ತಿದ್ದ ಹುಲ್ಲು ಹಾಗೇ ಇತ್ತು. ಫ್ರಾವ್ ಲಿಂಡ್ನರ್ ಓಕ್ ಮರದ ಒಂದು ಟಿಸಿಲನ್ನು ಮುರಿದು ಅದರ ಬಾಯಲ್ಲಿಟ್ಟರು. ಕೊನೆಯ ತುತ್ತು, ಎಂದರು. ಟೊಪ್ಪಿ ತೆಗೆದು ಸ್ವಲ್ಪ ಹೊತ್ತು ನಿಂತರು. ನನಗೆ ಊರಿನಲ್ಲಿ ತಾತನ ಬಾಯಿಗೆ ತುಳಸಿ ನೀರು ಬಿಟ್ಟಿದ್ದು ನೆನಪಾಯಿತು. ನಾನು ಮಂಡಿಯೂರಿ ಆ ಜಾಗದ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು.

"ಅಮ್ಮಂಗೆ ಹೀಗಾಗಲಿಲ್ಲ, ಅಲ್ವಾ?"

ಅವರು ನನ್ನ ಕಡೆ ತಿರುಗಿದರು.

"ನನಗೆ ಗೊತ್ತಿಲ್ಲ ಮಾಡ್ಲಾ. ನಾನು ಅಲ್ಲಿರಲಿಲ್ಲ. ನಿನ್ನ ಅಪ್ಪ ಇದ್ದರು, ಅವರನ್ನ ಕೇಳು."

"ಅಪ್ಪ ಹೇಳಲ್ಲ."

ಅವರು ಟೊಪ್ಪಿಯನ್ನು ಮತ್ತೆ ಹಾಕಿಕೊಂಡರು. ನಾವಿಬ್ಬರೂ ಜಿಂಕೆಯನ್ನು ಒಂದು ಗೋಣಿತಟ್ಟಿನ ಮೇಲೆ ಎಳೆದುಕೊಂಡು ಮನೆಗೆ ಬಂದೆವು.

ಈ ಸಂಗತಿ ಅಪ್ಪನಿಗೆ ತಿಳಿದದ್ದು ಮೂರನೆಯವರಿಂದ. ನಮ್ಮ ಶಾಲೆಯಲ್ಲಿ ಇನ್ನೊಬ್ಬ ಕನ್ನಡದ ಹುಡುಗಿಯಿದ್ದಳು. ಅವಳಿಗೆ ನಾನು ಹೇಳಿದ್ದೆ, ಅವಳು ಅವಳಮ್ಮ ಸುಧಾ ಆಂಟಿಗೆ ಹೇಳಿದ್ದಳು. ಸುಧಾ ಆಂಟಿ ಕೆಟ್ಟವರಲ್ಲ. ಸೂಪರ್‌ಮಾರ್ಕೆಟ್ಟಿನಲ್ಲಿ ಅಪ್ಪನನ್ನು ಪಕ್ಕಕ್ಕೆ ಕರೆದು ಮೆಲುದನಿಯಲ್ಲೇ ಹೇಳಿದರು. ನಾನು ಟ್ರಾಲಿ ಹಿಡಿದು ಹತ್ತಿರದಲ್ಲೇ ನಿಂತಿದ್ದೆ.

"ತಪ್ಪು ತಿಳ್ಕೋಬೇಡಿ ರಾಮಚಂದ್ರ. ತಾಯಿ ಇಲ್ಲದ ಮಗು. ಆ ಮುದುಕಿ ಜೊತೆ ಜಿಂಕೆ ಕೊಲ್ಲೋದನ್ನ ನೋಡಕ್ಕೆ ಹೋಗ್ತಾಳಂತೆ. ಎಲ್ಲಿಗೆ ಹೊಡಿಬೇಕು ಅಂತ ನಮ್ಮವಳಿಗೆ ಪಾಠ ಮಾಡಿದಾಳೆ. ನಮ್ಮವಳು ರಾತ್ರಿ ಎಲ್ಲಾ ನಿದ್ದೆ ಮಾಡಿಲ್ಲ."

ಮನೆಗೆ ಬಂದವನೇ ಅಪ್ಪ ಚೀಲಗಳನ್ನು ಮೆಟ್ಟಿಲ ಮೇಲಿಟ್ಟು ಕೆಳಗಿನ ಬಾಗಿಲು ತಟ್ಟಿದ. ಅಪ್ಪನ ಜರ್ಮನ್ ಆಫೀಸಿನ ಜರ್ಮನ್. ಯಂತ್ರಗಳ ಬಗ್ಗೆ ಸಲೀಸಾಗಿ ಮಾತಾಡುತ್ತಿದ್ದವನಿಗೆ ಜಗಳಕ್ಕೆ ಬೇಕಾದ ಮಾತುಗಳು ಇರಲಿಲ್ಲ. ಹಾಗಾಗಿ ಅವನು ಒಂದೊಂದೇ ಪದವನ್ನು ಕಲ್ಲಿನಂತೆ ಎತ್ತಿ ಇಡುತ್ತಿದ್ದ.

"ಫ್ರಾವ್ ಲಿಂಡ್ನರ್, ನನ್ನ ಮಗಳು ಸಾವನ್ನ ನೋಡಬಾರದು. ಅದಕ್ಕೇ ನಾನು ಅವಳನ್ನ ಆಸ್ಪತ್ರೆಗೂ ಕರ್ಕೊಂಡು ಹೋಗಿರಲಿಲ್ಲ."

"ಅವಳು ದಿನಾ ಅದನ್ನೇ ಕೇಳ್ತಾಳೆ. ನನ್ನನ್ನ ಕೇಳ್ತಾಳೆ, ನಿಮ್ಮನ್ನ ಕೇಳಲ್ಲ."

"ಅದು ನಮ್ಮ ಮನೆ ವಿಷಯ."

"ಹೌದು," ಎಂದರು ಫ್ರಾವ್ ಲಿಂಡ್ನರ್, "ನಿಮ್ಮ ಮನೆ ವಿಷಯವೇ."

ಮಾರನೆಯ ದಿನದಿಂದ ನಾನು ಶಾಲೆ ಬಿಟ್ಟ ಮೇಲೆ ಸಂಜೆಯವರೆಗೂ ಅಲ್ಲೇ ಹೋರ್ಟಿನಲ್ಲಿ, ಕೆಲಸಕ್ಕೆ ಹೋಗುವವರ ಮಕ್ಕಳನ್ನು ಕೂಡಿಹಾಕುವ ಕೋಣೆಯಲ್ಲಿ, ಇರಬೇಕಾಯಿತು. ಮೆಟ್ಟಿಲ ಮೇಲೆ ಫ್ರಾವ್ ಲಿಂಡ್ನರ್ ಎದುರಾದರೆ ಗ್ರೂಸ್ ಗಾಟ್ ಎಂದು ನಮಸ್ಕಾರ ಹೇಳಿ ದಾಟುವುದು. ಅವರೂ ಅಷ್ಟೇ ಹೇಳುತ್ತಿದ್ದರು. ಆ ವರ್ಷದ ಚಳಿಗಾಲವನ್ನು ನೆನೆದರೆ ನನಗೆ ನಮ್ಮ ಕೋಣೆಯ ಮರದ ನೆಲವೇ ಕಣ್ಣ ಮುಂದೆ ಬರುತ್ತದೆ. ಅದಕ್ಕೆ ಕಿವಿಯಿಟ್ಟು ಮಲಗಿದರೆ ಕೆಳಗೆ ಅವರು ಪಾತ್ರೆ ಎತ್ತಿಡುವುದು, ಒಲೆಯ ಬಾಗಿಲು ಮುಚ್ಚುವುದು, ಕುರ್ಚಿ ಎಳೆದುಕೊಂಡು ಒಬ್ಬರೇ ಊಟಕ್ಕೆ ಕೂರುವುದು ಕೇಳಿಸುತ್ತಿತ್ತು. ಪಕ್ಕದ ಕೋಣೆಯಲ್ಲಿ ಅಪ್ಪ ಕಂಪ್ಯೂಟರಿನ ಕೀಲಿ ಒತ್ತುವುದೂ ಕೇಳಿಸುತ್ತಿತ್ತು. ಒಂದೇ ಸೂರಿನ ಕೆಳಗೆ ಮೂರು ಜನ ಮೂರು ಕಡೆ ಕೂತಿದ್ದೆವು. ನನ್ನ ಕನ್ನಡವೂ ಆಗಲೇ ಸವೆಯತೊಡಗಿತು. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆ ನಾನು ಜರ್ಮನ್‌ನಲ್ಲಿ ಉತ್ತರ ಕೊಡುತ್ತಿದ್ದೆ, ಅವನು ತಿದ್ದುತ್ತಿರಲಿಲ್ಲ.

ಹೀಗೇ ಒಂದು ವರ್ಷ ಕಳೆಯಿತು. ಮುಂದಿನ ಶರತ್ಕಾಲದ ಒಂದು ಶನಿವಾರ ಬೆಳಿಗ್ಗೆ ಅಪ್ಪ ಅವಲಕ್ಕಿ ಒಗ್ಗರಣೆ ಹಾಕುತ್ತಿದ್ದ. ಕಾಡಿನ ಕಡೆಯಿಂದ ಒಂದು ಗುಂಡಿನ ಸದ್ದು ಕೇಳಿಸಿತು. ನಾವು ಅದಕ್ಕೆ ಒಗ್ಗಿಹೋಗಿದ್ದೆವು. ಸ್ವಲ್ಪ ಹೊತ್ತಿಗೆ ನಮ್ಮ ಮೆಟ್ಟಿಲು ಕಿರುಗುಟ್ಟಿತು; ಫ್ರಾವ್ ಲಿಂಡ್ನರ್ ಎಂದೂ ಮೇಲೆ ಬಂದವರಲ್ಲ. ಬಾಗಿಲು ತೆಗೆದರೆ ಮಣ್ಣಾದ ಬೂಟಿನಲ್ಲಿ, ಗೋಡೆ ಹಿಡಿದು ನಿಂತಿದ್ದರು. ಬಲಗೈ ಮೊಣಕೈಯಿಂದ ಕೆಳಗೆ ಸಣ್ಣಗೆ ಅದುರುತ್ತಿತ್ತು. ಅದು ಆ ಹೊತ್ತಿನ ಗಾಬರಿಯದಲ್ಲ, ಮುಂಚಿನಿಂದಲೇ ಇದ್ದ ನಡುಕವೆಂದು ನೋಡಿದ ಕೂಡಲೇ ನನಗೆ ಗೊತ್ತಾಯಿತು.

"ಹೆಣ್ಣು ಜಿಂಕೆ. ಹೊಟ್ಟೆಗೆ ಬಿತ್ತು," ಎಂದರು ಅಪ್ಪನಿಗೆ. "ಬೆನ್ನು ಗೂನು ಮಾಡಿಕೊಂಡು ಕಂದರದೊಳಗೆ ಇಳಿದು ಹೋಯಿತು. ಜಾಡು ಹಿಡಿಯೋ ನಾಯಿ ಇಟ್ಟುಕೊಂಡಿರುವವರನ್ನ ಕರೆದಿದ್ದೀನಿ, ಅವರಿಗೂ ವಯಸ್ಸಾಗಿದೆ. ನನ್ನ ಮಂಡಿ ಆ ಕಂದರ ಇಳಿಯಲ್ಲ. ಜೊತೆಗೊಬ್ಬರು ಬೇಕು. ಬೇರೆ ಯಾರೂ ಸಿಗಲಿಲ್ಲ, ಅದಕ್ಕೇ ನಿಮ್ಮನ್ನ ಕೇಳ್ತಿದ್ದೀನಿ."

ಅಪ್ಪ ಸೌಟು ಹಿಡಿದು ನಿಂತಿದ್ದ. ಹೋಗಲ್ಲ ಎನ್ನುತ್ತಾನೆ ಎಂದುಕೊಂಡೆ.

"ಈಗಲೇ ಹೊರಡಬೇಕಾ?" ಎಂದ.

"ಈಗ ಬೇಡ. ಈಗ ಹೋದರೆ ಅದು ಗಾಬರಿಯಿಂದ ಎದ್ದು ದೂರ ಓಡುತ್ತೆ. ಒಂದು ಕಡೆ ಮಲಗೋವರೆಗೂ ಕಾಯಬೇಕು. ಮಧ್ಯಾಹ್ನದವರೆಗೆ."

"ಅಲ್ಲಿಯವರೆಗೆ ಅದು ಬದುಕಿರುತ್ತಾ?"

"ಇರುತ್ತೆ."

"ನೋವು?"

"ಇರುತ್ತೆ. ಕೈ ನಡುಗಿತು. ಆದರೂ ಹೊಡೆದೆ. ಇನ್ನೊಂದು ಶರತ್ಕಾಲ ಸಿಗುತ್ತೋ ಇಲ್ಲವೋ ಅನ್ನಿಸಿತು."

ಅಪ್ಪ ಒಲೆ ಆರಿಸಿದ. ಅವರನ್ನು ಒಳಗೆ ಕರೆದು ಕೂರಿಸಿದ. ಒಗ್ಗರಣೆಯ ಅವಲಕ್ಕಿಯನ್ನು ಮೂವರಿಗೂ ಹಾಕಿದ, ಯಾರೂ ತಿನ್ನಲಿಲ್ಲ. ಆ ಕಾಯುವಿಕೆಯಷ್ಟು ಉದ್ದದ ಬೆಳಗನ್ನು ನಾನು ಕಂಡಿಲ್ಲ. ಅಪ್ಪ ಕಿಟಕಿಯ ಹತ್ತಿರ ಬಗ್ಗಿ ನಿಂತವನು ಕಾಡಿನ ಕಡೆ ನೋಡುತ್ತಲೇ ಇದ್ದ. ಮತ್ತೆ ಮತ್ತೆ ತಿರುಗಿ, ಈಗ ಹೋಗಬಹುದಾ, ಎಂದು ಕೇಳುತ್ತಿದ್ದ. ಇನ್ನೂ ಇಲ್ಲ, ಎನ್ನುತ್ತಿದ್ದರು ಅವರು. ನಾನೂ ಬರ್ತೀನಿ ಎಂದಾಗ ಅಪ್ಪ ಬೇಡವೆನ್ನಲಿಲ್ಲ. ನನ್ನ ಕೋಟಿನ ಜಿಪ್ಪನ್ನು ತಾನೇ ಗಂಟಲಿನವರೆಗೆ ಎಳೆದ.

ನಾಯಿಯವರು ಬಂದರು, ಕಂದು ಬಣ್ಣದ, ಜೋಲುಗಿವಿಯ ಒಂದು ನಾಯಿಯೊಂದಿಗೆ. ಗುಂಡು ತಗುಲಿದ ಜಾಗದಲ್ಲಿ ಹುಲ್ಲಿನ ಮೇಲೆ ಕಪ್ಪು ರಕ್ತದ ಒಂದೆರಡು ಹನಿ, ಅದರ ಜೊತೆ ಹಸಿರು ಮೇವಿನ ಚೂರು. ಫ್ರಾವ್ ಲಿಂಡ್ನರ್ ಮೇಲೆಯೇ ಒಂದು ಕಡಿದ ಮರದ ಬುಡದಲ್ಲಿ ಕೂತರು. ನಾಯಿ ಉದ್ದನೆಯ ಹಗ್ಗವನ್ನು ಎಳೆಯುತ್ತ ಮೂಗು ನೆಲಕ್ಕಿಟ್ಟು ಕಂದರಕ್ಕಿಳಿಯಿತು. ಹಿಂದೆ ಅದರ ಯಜಮಾನ, ಅವರ ಹಿಂದೆ ಆಫೀಸಿನ ಕೋಟು ಹಾಕಿಕೊಂಡ ಅಪ್ಪ, ಅಪ್ಪನ ಹಿಂದೆ ನಾನು. ಮುಳ್ಳುಪೊದೆ ಅಪ್ಪನ ಕೋಟನ್ನು ಹಿಡಿದೆಳೆಯುತ್ತಿತ್ತು, ಅವನು ಬಿಡಿಸಿಕೊಳ್ಳದೆ ಹರಿದುಕೊಂಡೇ ಮುಂದೆ ಹೋಗುತ್ತಿದ್ದ. ಅವನು ಅಷ್ಟು ಅವಸರ ಮಾಡಿದ್ದನ್ನು ನಾನು ನೋಡಿರಲಿಲ್ಲ. ತೊರೆಯ ಪಕ್ಕ, ಬಿದ್ದ ಮರವೊಂದರ ಮರೆಯಲ್ಲಿ ಅದು ಮಲಗಿತ್ತು. ತಲೆ ಎತ್ತಿಯೇ ಇತ್ತು. ಏಳಲು ನೋಡಿತು, ಆಗಲಿಲ್ಲ. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿತು. ನಾಯಿಯವರು ಹಗ್ಗವನ್ನು ಅಪ್ಪನ ಕೈಗೆ ಕೊಟ್ಟು, ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದು, ಬಂದೂಕು ಹಿಡಿದು ಬದಿಯಿಂದ ಸುತ್ತಿಕೊಂಡು ಹೋದರು. ಅಪ್ಪ ಒಂದು ಕೈಯಲ್ಲಿ ನಾಯಿಯನ್ನು ಹಿಡಿದು, ಇನ್ನೊಂದನ್ನು ನನ್ನ ಕಣ್ಣಿನ ಕಡೆ ತಂದವನು, ಅರ್ಧಕ್ಕೇ ನಿಲ್ಲಿಸಿ ನನ್ನ ಭುಜದ ಮೇಲಿಟ್ಟ. ಗುಂಡು ಎಲ್ಲಿ ಬೀಳಬೇಕಿತ್ತೋ ಅಲ್ಲಿಗೇ ಬಿತ್ತು. ತಲೆ ನಿಧಾನವಾಗಿ ತರಗೆಲೆಗಳ ಮೇಲೆ ಇಳಿಯಿತು.

ನಾಯಿಯವರು ಮೇಲಿನಿಂದ ಗೋಣಿ ತರುತ್ತೇನೆಂದು ಹೋದರು. ಅಪ್ಪ ಒದ್ದೆ ನೆಲದಲ್ಲೇ ಕೂತುಬಿಟ್ಟ. ನಾನು ಪಕ್ಕದಲ್ಲಿ ಕೂತೆ. ಅವನು ಜಿಂಕೆಯನ್ನು ನೋಡುತ್ತಲೇ ಮಾತಾಡಲು ಶುರು ಮಾಡಿದ, ಯಾರೋ ಕೇಳಿದ ಪ್ರಶ್ನೆಗೆ ಉತ್ತರ ಕೊಡುವವನ ಹಾಗೆ.

"ಅಮ್ಮಂಗೆ ತುಂಬಾ ನೋವಾಯ್ತು ಪುಟ್ಟಿ. ಕಡಿಮೆ ಮಾಡಬಹುದಿತ್ತು. ಡಾಕ್ಟ್ರು ಹೇಳಿದ್ರು, ಇನ್ನು ಮಾಡೋದಕ್ಕೆ ಏನೂ ಉಳಿದಿಲ್ಲ, ನೋವಿಗೆ ಜೋರು ಔಷಧಿ ಕೊಡ್ತೀವಿ, ನಿದ್ದೇಲೇ ಇರ್ತಾರೆ, ಹಾಗೇ ಹೋಗ್ತಾರೆ ಅಂತ. ನಾನು ಬೇಡ ಅಂದೆ. ಅಜ್ಜಿಗೆ ಇನ್ನೂ ವೀಸಾ ಬಂದಿರ್ಲಿಲ್ಲ. ಅಜ್ಜಿ ಬಂದಾಗ ಅಮ್ಮ ಎಚ್ಚರ ಇರ್ಬೇಕು, ಒಂದು ಮಾತಾಡ್ಬೇಕು ಅಂತ. ಅವಳು ಸಾಕು ಅಂತಿದ್ಳು. ನಾನು ಇನ್ನೊಂದೆರಡು ದಿನ ತಡ್ಕೋ, ಇನ್ನೊಂದೆರಡು ದಿನ ತಡ್ಕೋ ಅಂತಿದ್ದೆ."

ನಾನು ಕನ್ನಡದಲ್ಲೇ ಕೇಳಿದೆ, ಪದ ಹುಡುಕಿಕೊಂಡು.

"ಅಜ್ಜಿ ಬಂದಾಗ ಮಾತಾಡಿದ್ಳಾ?"

"ಇಲ್ಲ. ಕಣ್ಣು ಬಿಟ್ಟಿದ್ಳು. ಆದ್ರೆ ಯಾರು ಅಂತ ಗೊತ್ತಾಗ್ಲಿಲ್ಲ."

"ನನ್ನ ಕೇಳಿದ್ಳಾ?"

"ಮೊದಲು ದಿನಾ ಕೇಳ್ತಿದ್ಳು. ನಾನೇ ಕರ್ಕೊಂಡು ಬರ್ಲಿಲ್ಲ. ನಿನಗೆ ಅವಳ ಮುಖ ಹಾಗೆ ನೆನಪುಳಿಬಾರದು ಅಂತ. ತಪ್ಪೋ ಸರಿಯೋ ನಂಗೆ ಗೊತ್ತಿಲ್ಲ."

ಅವನು ಅಳಲಿಲ್ಲ. ನಾನು ಅತ್ತೆ, ಅಮ್ಮ ಹೋದ ಮೇಲೆ ಅಪ್ಪನೆದುರು ಅತ್ತದ್ದು ಅದೇ ಮೊದಲು. ಅವನ ಮೇಲೆ ನನಗೆ ಸಿಟ್ಟು ಬಂದಿತ್ತು ಎನ್ನುವುದನ್ನೂ ಹೇಳಬೇಕು. ದಿನಾ ಕೇಳುತ್ತಿದ್ದಳು ಎನ್ನುವ ಮಾತು ಬಹಳ ವರ್ಷ ನನ್ನನ್ನು ಸುಟ್ಟಿದೆ. ಆದರೆ ಅದೇ ಮಾತನ್ನು ಹಿಡಿದು ಬದುಕಿದ್ದೂ ಉಂಟು. ಗೋಣಿ ಬಂತು. ಅಪ್ಪ, ಜನ್ಮದಲ್ಲಿ ಮೊಟ್ಟೆಯನ್ನೂ ಮುಟ್ಟದವನು, ಜಿಂಕೆಯ ಹಿಂಗಾಲುಗಳನ್ನು ಎರಡು ಕೈಯಲ್ಲಿ ಹಿಡಿದು ಕಂದರದ ಮೇಲಕ್ಕೆ ಎಳೆದ. ಮೇಲೆ ಫ್ರಾವ್ ಲಿಂಡ್ನರ್ ಅದರ ಬಾಯಿಗೆ ಇಡಲು ಒಂದು ಟಿಸಿಲನ್ನು ಮುರಿಯಲು ಹೋದರು. ಕೈ ನಡುಗಿ ಮುರಿಯಲಾಗಲಿಲ್ಲ. ಅಪ್ಪ ಮುರಿದುಕೊಟ್ಟ.

ಆ ಚಳಿಗಾಲ ಅವರು ಬಂದೂಕನ್ನು ಕೊಟ್ಟುಬಿಟ್ಟರು. ನನಗೆ ಅವರ ಅಡುಗೆಮನೆ ಮತ್ತೆ ತೆರೆಯಿತು, ಆದರೆ ಮೊದಲಿನಂತಿರಲಿಲ್ಲ; ಅವರು ಕಾಡಿನ ಕಡೆಯ ಕಿಟಕಿಗೆ ಬೆನ್ನು ಹಾಕಿ ಕೂರುವುದನ್ನು ರೂಢಿ ಮಾಡಿಕೊಂಡಿದ್ದರು. ಎರಡು ಚಳಿಗಾಲದ ನಂತರ ತೀರಿಕೊಂಡರು, ತಮ್ಮ ಕುರ್ಚಿಯಲ್ಲೇ, ಮಧ್ಯಾಹ್ನದ ನಿದ್ದೆಯಲ್ಲಿ. ನಾನು ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಬೇಟೆಯ ಪರವಾನಗಿಯ ಪರೀಕ್ಷೆ ಕಟ್ಟಿ ಪಾಸಾದೆ. ಮಾಂಸ ಇವತ್ತಿಗೂ ತಿನ್ನುವುದಿಲ್ಲ, ಹಳ್ಳಿಯವರಿಗೆ ಹಂಚುತ್ತೇನೆ. ಇದು ಎಂಥ ವಿಚಿತ್ರ ಎಂದು ನಮ್ಮ ಕನ್ನಡದವರು ಕೇಳುತ್ತಾರೆ. ನಲವತ್ತು ದಾಟಿದ ಹೆಂಗಸು ಒಬ್ಬಳೇ ಅಟ್ಟಣೆಯಲ್ಲಿ ಕೂತು, ಬಹಳಷ್ಟು ಸಂಜೆ ಗುಂಡು ಹಾರಿಸದೆ ಇಳಿದು ಬರುತ್ತಾಳೆ, ಅಷ್ಟೇ.

ಆದರೆ ಆ ಶನಿವಾರದ ಮಾರನೆಯ ದಿನದ್ದನ್ನು ಹೇಳಿಲ್ಲ. ಭಾನುವಾರ ಮಧ್ಯಾಹ್ನ, ಮೈಸೂರಿನಲ್ಲಿ ಸಂಜೆಯಾಗುವ ಹೊತ್ತು. ಅಜ್ಜಿಯ ಫೋನಿಗೆ ಕಾಯದೆ ಅಪ್ಪನೇ ಮಾಡಿದ. ರಿಸೀವರ್ ಎತ್ತದೆ ಸ್ಪೀಕರಿನ ಗುಂಡಿ ಒತ್ತಿ, ಮೇಜಿನ ಮೇಲೆ ಎರಡೂ ಅಂಗೈ ಊರಿ ನಿಂತ. ಕಂದರದಲ್ಲಿ ನನಗೆ ಹೇಳಿದ್ದನ್ನೆಲ್ಲ ಮತ್ತೆ ಹೇಳಿದ. ಔಷಧಿ ಬೇಡ ಅಂದದ್ದು, ಅಮ್ಮ ಸಾಕು ಅಂದದ್ದು. ಲೈನು ಹೋಯಿತೇನೋ ಎಂದು ಅಪ್ಪ ಬಗ್ಗಿ ನೋಡಿದ.

"ಇದೀನಿ ರಾಮು," ಎಂದಳು ಅಜ್ಜಿ. "ನೀವೊಬ್ರೇ ಯಾಕೆ ಹೊತ್ಕೊಂಡ್ರಿ ಅದನ್ನ? ಬೆಳಿಗ್ಗೆ ಸಾಯಂಕಾಲ ನಿಮಗೆ ಫೋನ್ ಮಾಡಿ, ನಾನು ಬರೋ ತನಕ ಅವಳು ಕಣ್ಣು ಬಿಟ್ಕೊಂಡಿರ್ಲಿ, ಹೇಗಾದ್ರೂ ಮಾಡಿ ಅಂತ ಅಂದೋಳು ನಾನಲ್ವಾ. ನೀವು ನನ್ನ ಮಾತು ಕೇಳಿದ್ರಿ."

ಅಪ್ಪ ಕುರ್ಚಿ ಎಳೆದುಕೊಂಡು ಕೂತ. ಮುಖವನ್ನು ತೋಳಿನೊಳಗೆ ಇಟ್ಟುಕೊಂಡ.

"ಪುಟ್ಟಿ ಇದಾಳಾ ಅಲ್ಲಿ?"

ನಾನು ರಿಸೀವರ್ ಎತ್ತಿದೆ.

"ಊಟ ಆಯ್ತಾ ಕಂದ?"

ಕೇಳಬೇಕಾದದ್ದು ಬಹಳವಿತ್ತು. ಅಮ್ಮ ಚಿಕ್ಕವಳಿದ್ದಾಗ ಹೇಗಿದ್ದಳು, ಆ ಕೊನೆಯ ದಿನ ಅಜ್ಜಿ ಅವಳ ಕೈ ಹಿಡಿದಿದ್ದಳಾ, ಅವಳ ಕೈ ಬೆಚ್ಚಗಿತ್ತಾ. ಎಲ್ಲವೂ ಜರ್ಮನ್‌ನಲ್ಲಿ ಬಂದು ನಾಲಿಗೆಯ ಮೇಲೆ ನಿಂತವು. ಕನ್ನಡದಲ್ಲಿ ನನಗೆ ಸಿಕ್ಕಿದ್ದು ಒಂದೇ.

"ಆಯ್ತು ಅಜ್ಜಿ."

ಆಗಿರಲಿಲ್ಲ.

"ಇಟ್ಬಿಡಬೇಡ," ಎಂದಳು ಅಜ್ಜಿ. "ಮಾತಾಡದಿದ್ರೂ ಪರವಾಗಿಲ್ಲ. ಹಾಗೇ ಇರು ಸ್ವಲ್ಪ ಹೊತ್ತು."

ನಾನು ಹಾಗೇ ಇದ್ದೆ. ಮೈಸೂರಿನ ಬೀದಿಯಲ್ಲಿ ಯಾರೋ ಸ್ಕೂಟರು ಒದೆಯುತ್ತಿದ್ದರು. ಅದು ಹೊತ್ತಿಕೊಂಡು ದೂರ ಹೋಯಿತು. ಆಮೇಲೆ ಅಜ್ಜಿಯ ಉಸಿರು ಮಾತ್ರ ಕೇಳಿಸುತ್ತಿತ್ತು. ನಾನೂ ಉಸಿರಾಡಿದೆ, ಅವಳಿಗೆ ಕೇಳಿಸಲಿ ಎಂದು ಸ್ವಲ್ಪ ಜೋರಾಗಿಯೇ.